ಮರಕ್ಕೆ ಹೊಲಿದ ಗವಸು

ಕೆಲವರಿಗೆ ತೆರೆದಿಟ್ಟ ವಸ್ತು ಕಂಡರೆ ಕೈ ಸುಮ್ಮನಿರುವುದಿಲ್ಲ. ಗವಸಿನ ಮಾವ ಆ ಪೈಕಿ. ಸೋಫಾ, ಕುರ್ಚಿ, ಹಾಸಿಗೆ, ಕಾರು ಎಂದು ಕಂಡವರ ಸಾಮಾನಿಗೆಲ್ಲ ಗವಸು ಹೊಲಿಯುವುದು ಅವರ ಕಸುಬು. ಸರಿ, ಅದು ಹೊಟ್ಟೆಪಾಡು ಅನ್ನೋಣ. ಸಂಜೆ ಅಂಗಡಿಯ ಬಾಗಿಲೆಳೆದು ಮೇಲಿನ ಮನೆಗೆ ಹತ್ತಿಹೋದ ಮೇಲಾದರೂ ಮನುಷ್ಯ ಸುಮ್ಮನಿರಬೇಕೋ ಬೇಡವೋ? ರೇಡಿಯೋಗೊಂದು ಗವಸು, ಗಡಿಯಾರಕ್ಕೊಂದು ಗವಸು. ಛತ್ರಿಯ ಜೊತೆ ಬಂದ ಗವಸು ತೀರಾ ತೆಳು ಎಂದು ಆ ಗವಸಿಗೂ ಒಂದು ಗವಸು. ಅವರಿದ್ದ ಕಟ್ಟಡದವರೆಲ್ಲ ಅವರನ್ನು ಗವಸಿನ ಮಾವ ಎಂದೇ ಕರೆಯುತ್ತಿದ್ದರು. ಅವರ ನಿಜವಾದ ಹೆಸರು ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ, ಆಕೆ ಹೇಗೂ "ರೀ" ಅನ್ನುತ್ತಿದ್ದಳು. "ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನನಗೂ ಅಳತೆ ತೆಗೀತಾರೆ" ಎಂದು ಬಂದವರ ಮುಂದೆ ನಗುತ್ತಲೂ ಇದ್ದಳು.

ಮಾವನ ಆಟ ನಡೆಯದೇ ಹೋದದ್ದು ಆಕೆಯ ಕೋಟಿನ ಮುಂದೆ ಮಾತ್ರ. ಇಟ್ಟಿಗೆ ಬಣ್ಣದ ದಪ್ಪ ಉಣ್ಣೆಯ ಕೋಟು ಅದು. ಕಿಟಕಿ ಹಾರುಹೊಡೆದು, ಅದರ ಅಂಚಿನ ಮೇಲೆ ಬಲ ಮೊಣಕೈ ಊರಿಕೊಂಡು, ಕೆಳಗಿನ ಅಂಗಳದ ಮರವನ್ನು ನೋಡುತ್ತ ನಿಲ್ಲುವುದು ಆಕೆಯ ಅಭ್ಯಾಸ. ಮರ ಆಕೆಯೇ ನೆಟ್ಟದ್ದು. ಸಪೂರವಾಗಿ ಬೆಳೆದು ಕಿಟಕಿಯ ಮಟ್ಟಕ್ಕೆ ಬಂದಿತ್ತು. ಬೇಸಿಗೆಯಲ್ಲಿ ಎಲೆ ತುಂಬಿಕೊಂಡ ಮರವನ್ನು ಯಾರಾದರೂ ನೋಡುತ್ತಾರೆ. ಈಕೆ ಕೊರೆಯುವ ಚಳಿಯಲ್ಲಿ, ಬರೀ ಕಡ್ಡಿಯಾಗಿ ನಿಂತಾಗಲೂ ಕೋಟು ಹಾಕಿಕೊಂಡು ನೋಡುತ್ತ ನಿಲ್ಲುತ್ತಿದ್ದಳು. ಹಾಗೆ ಊರಿ ಊರಿ ಕೋಟಿನ ಮೊಣಕೈ ಸವೆದು ತೂತಾಯಿತು.

ಮಾವನಿಗೆ ಆ ತೂತು ಕಂಡರೆ ಮೈಯೆಲ್ಲ ಉರಿ. ಮನೆಯಲ್ಲೂ ಇಟ್ಟುಕೊಂಡಿದ್ದ ಹೊಲಿಗೆ ಯಂತ್ರದ ಮುಂದಿನಿಂದ ತಲೆಯೆತ್ತಿ ಬೈಯುತ್ತಿದ್ದರು. ಹೊಲಿಗೆಯವನ ಹೆಂಡತಿ ಹರಕು ಕೋಟಿನಲ್ಲಿ ತಿರುಗಿದರೆ ತನ್ನ ಮರ್ಯಾದೆ ಏನಾಗಬೇಕು, ಕೊಡು ಇಲ್ಲಿ, ಚಿಟಿಕೆ ಹೊಡೆಯುವಷ್ಟರಲ್ಲಿ ಮುಚ್ಚಿಕೊಡುತ್ತೇನೆ, ಮೊದಲು ಆ ಕಿಟಕಿ ಹಾಕು. ಆಕೆ ಆ ತೂತಿನೊಳಗೆ ಬೆರಳು ತೂರಿಸಿ, ಬೆರಳನ್ನೇ ಅವರತ್ತ ಕುಣಿಸಿ, ಕೋಟನ್ನು ಕೊಡದೆ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಎಲೆ ಉದುರುವ ಕಾಲದಲ್ಲಿ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಎಲ್ಲ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲೆ ಉಳಿದವಳು ಆಕೆಯ ತಂಗಿ ಒಬ್ಬಳೇ. ಮಾವನಿಗೆ ನಾದಿನಿ. ಊರಿನ ಇನ್ನೊಂದು ತುದಿಯಲ್ಲಿ ಒಬ್ಬಳೇ ಇದ್ದುಕೊಂಡು, ಶಾಲೆಯಲ್ಲಿ ಗಿಡಮರಗಳ ಪಾಠ ಹೇಳುವ ಟೀಚರು. ಮಾವನಿಗೂ ಮಕ್ಕಳಿಲ್ಲ, ಅವಳಿಗೂ ಯಾರಿಲ್ಲ. ಹೋಗುವ ಮುಂಚೆ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಕೈ ಒರೆಸಿಕೊಳ್ಳುತ್ತ, "ಭಾವ, ಅಕ್ಕನ ಕೋಟು ನಾನು ಇಟ್ಕೊಳ್ಲಾ? ಬೇರೇನೂ ಬೇಡ ನಂಗೆ" ಎಂದು ಕೇಳಿದಳು.

ಮಾವ "ನೋಡೋಣ" ಅಂದರು. ಏನು ನೋಡುವುದು, ಅವರ ತಲೆ! ಕೊಡುತ್ತೇನೆ ಅನ್ನುವುದಕ್ಕೆ ಬಾಯಿ ಬರಲಿಲ್ಲ, ಇಲ್ಲ ಅನ್ನುವುದಕ್ಕೆ ಮುಖವಿರಲಿಲ್ಲ. ನಾದಿನಿ ಒಂದು ಗಳಿಗೆ ಕಾದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದಳು, ಮತ್ತೆ ಕೇಳಲಿಲ್ಲ.

ಅವತ್ತಿನಿಂದ ಮಾವನಿಗೆ ಮುಚ್ಚುವ ಹುಚ್ಚು ಕೆರಳಿತು. ಆಕೆ ಕೂರುತ್ತಿದ್ದ ಕುರ್ಚಿಗೆ ನೆಲ ಮುಟ್ಟುವಂಥ ಗವಸು ಬಂತು. ಕನ್ನಡಿಗೆ ಬಂತು. ಆಕೆಯ ಮಗ್ಗುಲ ಹಾಸಿಗೆಗೆ ಗುಂಡಿ ಹಾಕುವ ಗವಸು ಬಂತು. ಕಿಟಕಿಗೆ ಸೋಫಾ ಬಟ್ಟೆಯದೇ ಎರಡು ಪದರದ ಪರದೆ ಬಿತ್ತು. ಬೆಳಿಗ್ಗೆ ಎದ್ದರೆ ಮನೆ ಯಾರೋ ದೂರದೂರಿಗೆ ಹೋದವರ ಮನೆಯಂತೆ ಕಾಣುತ್ತಿತ್ತು, ಮತ್ತು ಮಾವ ಅದರೊಳಗೆ ಒಬ್ಬರೇ ಚಹಾ ಕುಡಿಯುತ್ತಿದ್ದರು.

ಹೀಗಿರುವಾಗ ಒಂದು ದಿನ ಕಟ್ಟಡದ ಕಾವಲಿನವನು ಅಂಗಡಿಗೆ ಬಂದು, ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ಅಂಗಳದ ಮರದ ಸುದ್ದಿ ತೆಗೆದ. ಈ ಸಲ ಬೇಸಿಗೆಯಲ್ಲೇ ಅದರ ಎಲೆ ಹಳದಿಗಟ್ಟಿತ್ತಂತೆ, ಮೇಲಿನ ಕೊಂಬೆ ಎರಡು ಒಣಗಿವೆಯಂತೆ. ಕಟ್ಟಡದವರು ಸಭೆ ಮಾಡಿದ್ದಾರೆ. ಚಳಿಗಾಲ ಮುಗಿದ ಮೇಲೆ ಚಿಗುರಿದರೆ ಸರಿ, ಇಲ್ಲದಿದ್ದರೆ ಕಡಿಸಿ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಮಾಡುವುದು. "ನಿಮಗೆ ಮೊದಲೇ ಹೇಳಿಬಿಡೋಣ ಅಂತ ಬಂದೆ ಮಾವ, ಅಮ್ಮನವರು ನೆಟ್ಟಿದ್ದಲ್ವಾ" ಎಂದು ಅವನು ಕತ್ತು ತುರಿಸಿಕೊಂಡ.

ಆ ವಾರವೇ ಹಿಮ ಬೀಳುವ ಸೂಚನೆ ಬೇರೆ ಇತ್ತು. ಮರ ಚಳಿಗೆ ಸಾಯುತ್ತದೆ, ತಾನು ಬಿಡಬಾರದು ಎಂದುಕೊಂಡರು ಮಾವ. ಗವಸು ಹೊಲಿಯುವವನಿಗೆ ಇನ್ನೇನು ತೋಚೀತು ಹೇಳಿ? ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು, ಏಣಿ ಹೊತ್ತು ಅಂಗಳಕ್ಕೆ ಇಳಿದೇಬಿಟ್ಟರು.

ಅಂಥ ಗವಸನ್ನು ಆ ಊರು ಹಿಂದೆ ಕಂಡಿರಲಿಲ್ಲ. ಕಾಂಡಕ್ಕೆ ಕ್ಯಾನ್ವಾಸಿನ ಎರಡು ಪದರ, ನಡುವೆ ಹತ್ತಿ. ಕೊಂಬೆ ಕೊಂಬೆಗೂ ಅಂಗಿಯ ತೋಳಿನಂಥ ತೋಳು. ತುದಿಯ ಸಣ್ಣ ಕಡ್ಡಿಗಳನ್ನು ಮಡಚಿದ ಛತ್ರಿಯಂತೆ ಒಟ್ಟುಗೂಡಿಸಿ ಅದಕ್ಕೊಂದು ಚೀಲ. ಗುಂಡಿ ಹಾಕಿದರೆ ಗಾಳಿ ನುಗ್ಗುತ್ತದೆ, ಜಿಪ್ಪು ಹಾಕಿದರೆ ಹಿಮ ಕಚ್ಚುತ್ತದೆ ಎಂದು, ಮರದ ಮೇಲೇ ಇಟ್ಟು ಕಾಣದ ಹೊಲಿಗೆಯಲ್ಲಿ ಮುಚ್ಚಿದರು. ಕಾಣದ ಹೊಲಿಗೆ ಎಂದರೆ ದಾರ ಹೊರಗೆ ಎಲ್ಲಿಯೂ ತೋರುವುದಿಲ್ಲ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹೊಲಿದವನಿಗೇ ತಿಳಿಯಬಾರದು, ಅದು ಅದರ ಹೆಚ್ಚುಗಾರಿಕೆ.

ಕೊನೆಗೆ ಕ್ಯಾನ್ವಾಸು ಸಾಲದೇ ಹೋಯಿತು. ಕಾಂಡದ ಒಂದು ಮಗ್ಗುಲು, ಮಧ್ಯಾಹ್ನದ ಬಿಸಿಲು ಬೀಳುವ ಮಗ್ಗುಲು, ಹಾಗೇ ಉಳಿಯಿತು. ಅಂಗಡಿಯಲ್ಲಿ ಬೇರೆ ಬಟ್ಟೆ ಇರಲಿಲ್ಲವೇ? ಇತ್ತು, ರಾಶಿ ಇತ್ತು. ಆದರೂ ಮಾವ ಮೇಲೆ ಹೋಗಿ, ಬೀರು ತೆರೆದು, ಇಟ್ಟಿಗೆ ಬಣ್ಣದ ಕೋಟು ಹಿಡಿದುಕೊಂಡು ಬಂದರು. ಆಕೆಯ ಮರ, ಆಕೆಯ ಕೋಟು. ಇದಕ್ಕಿಂತ ಬೆಚ್ಚಗೆ ಯಾವುದಿದ್ದೀತು ಎಂದುಕೊಂಡರು. ಹೊಲಿಗೆ ಬಿಚ್ಚಿ, ಒಳಗಿನ ಅಸ್ತರು ತೆಗೆದಿಟ್ಟು, ಬೆನ್ನು ತೋಳುಗಳನ್ನು ಅಗಲವಾಗಿ ಹರಡಿ ಕಾಂಡಕ್ಕೆ ಸುತ್ತಿ, ಅದೇ ಕಾಣದ ಹೊಲಿಗೆಯಲ್ಲಿ ಕೂಡಿಸಿದರು. ಮೊಣಕೈಯ ತೂತು ಎದುರಿಗೇ ಬಂತು. ಸೂಜಿ ಅದರ ಬಾಯಿಯ ತನಕ ಹೋಯಿತು. ಅಷ್ಟರಲ್ಲಿ ಕುಣಿಯುವ ಬೆರಳು ನೆನಪಾಗಿ ಅವರ ಕೈಯೇ ಓಡಲಿಲ್ಲ. "ನಿನ್ನ ಹಠವೇ ಗೆಲ್ಲಲಿ ಮಾರಾಯ್ತಿ" ಎಂದು ಗೊಣಗಿಕೊಂಡು ಅದನ್ನು ಹಾಗೇ ಬಿಟ್ಟರು.

ಕಟ್ಟಡದವರೆಲ್ಲ ಬಂದು ನೋಡಿ ಬೆರಗಾದರು. ಮರ ಚಳಿಗೆ ಕೋಟು ಹಾಕಿಕೊಂಡು ಪೇಟೆಗೆ ಹೊರಟ ಹಾಗಿದೆ ಎಂದು ಯಾರೋ ತಮಾಷೆ ಮಾಡಿದರು. ಮಾವನಿಗೆ ಎಷ್ಟೋ ದಿನದ ಮೇಲೆ ಒಂದು ತುತ್ತು ಹೆಚ್ಚಿಗೆ ಒಳಗಿಳಿಯಿತು.

ಚಳಿಗಾಲ ಜಗ್ಗದೆ ಕೂತಿತು. ಚಳಿಯಲ್ಲಿ ಜನ ಗವಸು ಹೊಲಿಸುವುದು ಕಡಿಮೆ. ಮಾವ ಅಂಗಡಿಯಲ್ಲಿ ಕತ್ತರಿ ಸಾಣೆ ಹಿಡಿಯುತ್ತ, ದಾರದುಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ, ಮತ್ತೆ ಕೆಡಿಸಿ ದಪ್ಪದ ಪ್ರಕಾರ ಜೋಡಿಸುತ್ತ ಹೊತ್ತು ಕಳೆದರು. ಮಾತಾಡಲು ಯಾರೂ ಇಲ್ಲದೆ ತಮ್ಮಷ್ಟಕ್ಕೆ ಮಾತಾಡುವುದು ರೂಢಿಯಾಯಿತು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ, "ಹೂಂ" ಅನ್ನುವವರೂ ಅವರೇ. ಒಂದು ದಿನ ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೀಯೇ ಎಂದು ಕೂಗಿ ಕೇಳಿದರು. ಕೂಗಿದ ಮೇಲೆ ತುಂಬಾ ಹೊತ್ತು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು, ಆ ದಿನ ಚಹಾ ಸಪ್ಪೆಯೇ ಕುಡಿದರು.

ನಾದಿನಿ ಬಂದದ್ದು ಚಳಿಗಾಲದ ನಟ್ಟನಡುವೆ, ಶಾಲೆಗೆ ರಜೆ ಇದ್ದ ದಿನ. ಕೈಯಲ್ಲಿ ಊಟದ ಡಬ್ಬಿ ಇತ್ತು. ಮೆಟ್ಟಿಲು ಹತ್ತಲಿಲ್ಲ. ಮಾವ ಅಂಗಡಿಯ ಗಾಜಿನಿಂದ ನೋಡುತ್ತಾರೆ, ಅವಳು ಅಂಗಳದಲ್ಲೇ ನಿಂತುಬಿಟ್ಟಿದ್ದಾಳೆ. ಹೆಮ್ಮೆಯಿಂದಲೇ ಹೊರಗೆ ಬಂದರು, ಹೊಗಳುತ್ತಾಳೆ ಎಂದುಕೊಂಡು. ಅವಳು ಕೈಗವಸು ಕಳಚಿ ಆ ತೂತಿನ ಅಂಚನ್ನು ಮುಟ್ಟುತ್ತಿದ್ದಳು.

"ನಾನು ಕೇಳಿದ್ದು ಇದೊಂದೇ ಭಾವ" ಅಂದಳು. "ನಂಗೆ ಕೊಡಲಿಲ್ಲ. ಬಿಚ್ಚಿ ಮರಕ್ಕೆ ಸುತ್ತಿದ್ರಾ?"

ಮಾವ ತಡವರಿಸಿದರು. ಮರ ಸಾಯುತ್ತಿತ್ತು, ಕಡಿಸುತ್ತಾರಂತೆ, ಚಳಿಯಿಂದ ಕಾಪಾಡಬೇಕಿತ್ತು ಎಂದು ಒಂದರ ಮೇಲೊಂದು ಹೇಳಿದರು. ಅವಳು ಕೇಳಿಸಿಕೊಂಡಳು. ಆಮೇಲೆ ಮರದ ಬುಡದಿಂದ ತುದಿಯ ತನಕ ನೋಡಿ, ಎಲ್ಲಾದರೂ ತೆರೆದಿದೆಯೇ ಎಂದು ಕೇಳಿದಳು. ಮಾವ ಎದೆಯುಬ್ಬಿಸಿ, ಗಾಳಿ ಕೂಡ ಹೋಗುವುದಿಲ್ಲ ಅಂದರು.

"ಅಯ್ಯೋ ಭಾವ, ಇದಕ್ಕೆ ಚಳಿ ಹೊಸದಾ? ಇದು ಚಳಿಯಲ್ಲಿ ಬಾಳೋಕೇ ಹುಟ್ಟಿದ ಮರ. ನೀವು ಕಿತ್ಕೊಂಡಿರೋದು ಬೆಳಕನ್ನ."

ಎಲೆಯೇ ಇಲ್ಲದ ಮರಕ್ಕೆ ಬೆಳಕು ತಗೊಂಡು ಏನಾಗಬೇಕಿದೆ, ಅದು ಮಲಗಿದೆ, ಮಲಗಿದವರ ಮುಖಕ್ಕೆ ಯಾರಾದರೂ ದೀಪ ಹಿಡಿಯುತ್ತಾರೆಯೇ ಎಂದು ಮಾವ ವಾದಕ್ಕಿಳಿದರು. ಆಗ ಟೀಚರಮ್ಮ ಅಲ್ಲೇ ಹಿಮದ ಮೇಲೆ ನಿಂತು, ಸಿಟ್ಟಿನಲ್ಲೇ, ಪಾಠ ಹೇಳಿದಳು. ಎಲೆ ಉದುರಿತು ಎಂದ ಮಾತ್ರಕ್ಕೆ ಮರ ಅಡುಗೆಮನೆಗೆ ಬೀಗ ಹಾಕುವುದಿಲ್ಲ. ತೊಗಟೆಯ ಒಣ ಸಿಪ್ಪೆಯ ಕೆಳಗೆ ತೆಳ್ಳಗೆ ಒಂದು ಹಸಿರು ಪದರವಿರುತ್ತದೆ, ಎಲೆಯೊಳಗಿನ ಹಸಿರೇ ಅದು. ಚಳಿಗಾಲದ ಬಿಸಿಲು ಸಿಪ್ಪೆಯೊಳಗಿಂದ ಇಷ್ಟಿಷ್ಟೇ ಸೋಸಿ ಇಳಿದರೂ ಸಾಕು, ಆ ಹಸಿರು ಕೆಲಸ ಮಾಡುತ್ತದೆ. ಒಳಗಿನ ಜೀವ ಬಿಟ್ಟ ಉಸಿರು ಹೊರಗೆ ಹೋಗುವ ಮುಂಚೆ ಅದನ್ನೇ ಹಿಡಿದು, ಬೆಳಕಿನ ಜೊತೆ ಸೇರಿಸಿ, ಮತ್ತೆ ಆಹಾರ ಮಾಡಿಕೊಳ್ಳುತ್ತದೆ. ಬಹಳವೇನಲ್ಲ. ಖರ್ಚಾದದ್ದರಲ್ಲಿ ಒಂದಿಷ್ಟು ಉಳಿಸಿಕೊಂಡಂತೆ, ಚಿಗುರುವ ತನಕ ಜೀವ ಹಿಡಿದುಕೊಳ್ಳುವಷ್ಟು. ಗಟ್ಟಿಮುಟ್ಟಾದ ಮರವಾದರೆ ಒಂದು ಚಳಿಗಾಲ ಕತ್ತಲಲ್ಲಿಟ್ಟರೂ ತಡೆದೀತು. ಇದು ಮೊದಲೇ ಸೊರಗಿದ್ದು.

"ತನ್ನ ಉಸಿರೇ ತಿಂದ್ಕೊಂಡು ಬದುಕ್ತಿದೆ ಅದು. ಅದಕ್ಕೂ ಒಂಚೂರು ಬೆಳಕು ಬೇಕಲ್ವಾ" ಅಂದಳು. ಡಬ್ಬಿಯನ್ನು ಮಾವನ ಕೈಗಿಟ್ಟಳು. ಒಳಗೆ ಬಾ ಎಂದರೂ ಬರಲಿಲ್ಲ.

ಮಾವನಿಗೆ ಬಂದದ್ದು ಕೋಪ. ತಪ್ಪು ಮಾಡಿದ ಗಂಡಸಿಗೆ ಮೊದಲು ಬರುವುದು ಅದೇ ತಾನೇ. ಪುಸ್ತಕ ಓದಿದವಳಂತೆ, ಎಲೆಯಿಲ್ಲದ ಮರ ಅಡುಗೆ ಮಾಡುತ್ತದಂತೆ! ಕೋಟು ಸಿಗಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಏನೇನೋ ಹೇಳಿಹೋದಳು ಎಂದು ದಾರದುಂಡೆಗಳ ಮುಂದೆ ಹಾರಾಡಿದರು. ಡಬ್ಬಿ ತೆರೆಯಲಿಲ್ಲ. ಮರುದಿನ ತೆರೆದರು, ಹಸಿವು ಕೇಳಬೇಕಲ್ಲ. ತಣ್ಣಗಾದ ಊಟದಲ್ಲಿ ಹೆಂಡತಿಯ ಕೈರುಚಿಯೇ ಇತ್ತು, ಇಬ್ಬರೂ ಒಬ್ಬಳೇ ತಾಯಿಯ ಹತ್ತಿರ ಕಲಿತದ್ದು. ಉಣ್ಣುತ್ತ ಉಣ್ಣುತ್ತ ಅವರ ಕಣ್ಣಿಂದ ನೀರು ಇಳಿಯಿತು.

ಅವಳದು ಸುಳ್ಳೆಂದು ಸಾಧಿಸಬೇಕು ಎಂದೇ ಒಂದು ಮಧ್ಯಾಹ್ನ ಮರದ ಹತ್ತಿರ ಹೋದರು. ಸೋಲೊಪ್ಪಲು ಹೋದದ್ದಲ್ಲ, ಅದನ್ನು ಸ್ಪಷ್ಟ ಹೇಳಿಬಿಡಬೇಕು. ಕೋಟಿನ ತೂತಿನೊಳಗೆ ಬೆರಳು ತೂರಿಸಿ, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಮೆಲ್ಲಗೆ ಕೆರೆದರು. ಬೂದು ಸಿಪ್ಪೆ ಎದ್ದುಬಂತು. ಕೆಳಗೆ ಹಸಿರು. ಒದ್ದೆ ಹಸಿರು, ಈಗ ಬಿಡಿಸಿದ ಬಟಾಣಿಯ ಹಾಗೆ.

ಮಾವ ಗೆದ್ದೆ ಎಂದುಕೊಂಡರು. ನೋಡು, ಜೀವ ಇದೆ, ನನ್ನ ಗವಸು ಕಾಪಾಡಿದೆ. ಇದನ್ನು ಅವಳ ಮುಖಕ್ಕೆ ಹಿಡಿದು ತೋರಿಸಬೇಕು, ಇನ್ನೂ ಅಗಲವಾಗಿ ತೋರಿಸಬೇಕು ಎಂದು ಜೇಬಿನಿಂದ ಬ್ಲೇಡು ತೆಗೆದು, ತೂತಿನ ಪಕ್ಕದ ಹೊಲಿಗೆಯನ್ನು ಹೇಗೋ ಹುಡುಕಿ ಗೇಣುದ್ದ ಬಿಚ್ಚಿದರು. ಬಟ್ಟೆ ಎತ್ತಿ ಅಲ್ಲಿಯೂ ಕೆರೆದರು. ಹಸಿರು ಬರಲಿಲ್ಲ. ಸರಿಯಾಗಿ ಕೆರೆಯಲಿಲ್ಲವೇನೋ ಎಂದು ಇನ್ನೊಂದು ಕಡೆ ಕೆರೆದರು. ಪೆಟ್ಟಿಗೆಯ ಮೂಲೆಯಲ್ಲಿ ಮರೆತುಹೋದ ಆಲೂಗಡ್ಡೆ ಕತ್ತಲಲ್ಲೇ ಮೊಳಕೆ ಬಿಡುತ್ತದಲ್ಲ, ಆ ಮೊಳಕೆಯ ಬಣ್ಣ. ಬಿಳಿಚಿ, ಹಳದಿಗೆ ತಿರುಗಿತ್ತು.

ಮತ್ತೆ ತೂತಿನಲ್ಲಿ ನೋಡಿದರು. ಹಸಿರು ಇದ್ದದ್ದು ಆ ತೂತಿನಷ್ಟು ಅಗಲಕ್ಕೆ ಮಾತ್ರ. ಒಂದು ಗುಂಡಿಗಿಂತ ಸ್ವಲ್ಪ ದೊಡ್ಡದು. ಇಡೀ ಮರದಲ್ಲಿ ಬೆಳಕು ತಾಗಿದ್ದು ಅಷ್ಟು ಜಾಗಕ್ಕೆ, ಅದೂ ಮಾವ ಹೊಲಿಯದೇ ಬಿಟ್ಟದ್ದರಿಂದ.

ಅವರು ಹಿಮದ ಮೇಲೆ ಕುಕ್ಕರಿಸಿ ಕೂತುಬಿಟ್ಟರು. "ನಿನ್ನ ಮರಾನ ನಾನೇ ಕೊಲ್ತಿದ್ದೆನಲ್ಲೇ" ಅಂದರು. ಈ ಸಲ "ಹೂಂ" ಅನ್ನಲಿಲ್ಲ ಯಾರೂ.

ಆಗಲೇ ಬಿಚ್ಚಲು ಶುರುಮಾಡಿದರು. ಕಾವಲಿನವನು ನೋಡಿ, ಒಂದು ಉದ್ದನೆಯ ಚಾಕು ತಂದು, ಮೇಲಿಂದ ಕೆಳಗೆ ಒಂದೇ ಸೀಳು ಸಾಕು ಮಾವ, ಚಳಿಯಲ್ಲಿ ಯಾಕೆ ಕಷ್ಟ ಅಂದ. ಕ್ಯಾನ್ವಾಸಿಗಾದರೆ ಸರಿ, ಸೀಳು ಎಂದರು. ಕ್ಯಾನ್ವಾಸು, ಕೊಂಬೆಗಳ ತೋಳು, ತುದಿಯ ಚೀಲ ಎಲ್ಲವನ್ನೂ ಅವನು ಏಣಿ ಹತ್ತಿ ಪರಪರ ಹರಿದುಹಾಕಿದ. ಕೋಟಿಗೆ ಮಾತ್ರ ಮಾವ ಕೈಹಚ್ಚಗೊಡಲಿಲ್ಲ. ಅದು ನಾದಿನಿ ಕೇಳಿದ್ದು.

ಆದರೆ ಕಾಣದ ಹೊಲಿಗೆ ಎಂದರೆ ಕಾಣದ ಹೊಲಿಗೆಯೇ. ಯಾರಿಗೂ ತಿಳಿಯಬಾರದೆಂದು ಹೊಲಿದದ್ದು ಈಗ ಅವರಿಗೂ ತಿಳಿಯಲಿಲ್ಲ. ಕನ್ನಡಕ ಏರಿಸಿ, ಬರಿಗೈಯಲ್ಲಿ ಬಟ್ಟೆಯನ್ನು ತಡವಿ ತಡವಿ, ದಾರ ಎಲ್ಲಿ ಮುಳುಗಿದೆ ಎಂದು ಹುಡುಕಿ, ಸೂಜಿಯ ಮೊನೆಯಿಂದ ಎತ್ತಿ, ಒಂದೊಂದೇ ಹೊಲಿಗೆ ಬಿಚ್ಚಿದರು. ಬೆರಳು ಮರಗಟ್ಟಿದಾಗ ಬಾಯಲ್ಲಿಟ್ಟು ಊದಿಕೊಂಡರು. ಕತ್ತಲಾದರೆ ನಿಲ್ಲಿಸಿ ಬೆಳಕಾದ ಮೇಲೆ ಮತ್ತೆ ಬಂದರು. ಹೊದಿಸಿದವರೂ ಇವರೇ, ಬಿಚ್ಚುವವರೂ ಇವರೇ, ಹೆಂಡತಿ ಹೋದ ಮೇಲೆ ತಲೆ ನೆಟ್ಟಗಿಲ್ಲ ಎಂದು ಕಟ್ಟಡದವರು ಮೆಟ್ಟಿಲ ಮೇಲೆ ಮಾತಾಡಿಕೊಂಡರು. ಮಾವನಿಗೆ ಕೇಳಿಸಿತು, ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಕಡೆಯ ದಾರ ಎಳೆದು ಕೋಟನ್ನು ತೋಳಿಗೆ ಹಾಕಿಕೊಂಡಾಗ ಮರ ಬತ್ತಲೆಯಾಗಿ, ತೀರಾ ಬಡಕಲಾಗಿ ನಿಂತಿತ್ತು. ಬಿಸಿಲು ತೆಳ್ಳಗೆ ಅದರ ಮೇಲೆ ಬಿದ್ದಿತ್ತು.

ಕೋಟನ್ನು ಮೊದಲಿನಂತೆ ಜೋಡಿಸಲು ಅದೇ ಹಳೆಯ ಹೊಲಿಗೆಯ ಗುರುತುಗಳಲ್ಲಿ ಸೂಜಿ ಹೋಗಬೇಕಿತ್ತು. ಹಾಗೇ ಮಾಡಿದರು. ಅಸ್ತರು ಕೂರಿಸಿದರು. ತೂತು ಮುಟ್ಟಲಿಲ್ಲ. ಸುತ್ತಿ ಕಾಗದದಲ್ಲಿ ಕಟ್ಟಿ, ಬಸ್ಸು ಹತ್ತಿ, ನಾದಿನಿಯ ಬಾಗಿಲು ತಟ್ಟಿದರು. ಅವಳು ಬಾಗಿಲಲ್ಲೇ ಬಿಚ್ಚಿ ನೋಡಿದಳು. ಮಾವನ ಸೀಳಿಹೋದ ಬೆರಳ ತುದಿಗಳನ್ನೂ ನೋಡಿದಳು.

"ಬದುಕುತ್ತಾ?" ಎಂದು ಮಾವ ಕೇಳಿದರು.

"ಗೊತ್ತಿಲ್ಲ ಭಾವ. ಚಳಿಗಾಲ ಇನ್ನೂ ಸ್ವಲ್ಪ ಇದೆ. ಬೆಳಕಂತೂ ಇದೆಯಲ್ಲ."

ಚಳಿ ಹಿಂದೆ ಸರಿಯಿತು. ರಸ್ತೆಯ ಮರಗಳೆಲ್ಲ ಚಿಗುರಿದವು. ಅಂಗಳದ ಮರ ತುಟಿಪಿಟಕ್ಕೆನ್ನಲಿಲ್ಲ. ಕಾವಲಿನವನು ದಿನಾ ಬೆಳಿಗ್ಗೆ ಅದರ ಸುತ್ತ ಒಂದು ಸುತ್ತು ಹಾಕಿ, ಮಾವನ ಮುಖ ನೋಡದೆ ಹೋಗುತ್ತಿದ್ದ. ಕಡಿಯುವವರು ಬಂದು ಅಳತೆ ನೋಡಿಕೊಂಡು ಹೋದರು. ಮಾವ ಪರದೆ ಸರಿಸಿ, ಕಿಟಕಿ ತೆರೆದು, ಏಳುವಾಗೊಮ್ಮೆ ಮಲಗುವಾಗೊಮ್ಮೆ ನೋಡುತ್ತಿದ್ದರು. ಒಂದು ಮಳೆಯ ಮಾರನೆಯ ದಿನ ಕೆಳಗಿನ ಕೊಂಬೆಯ ಮೇಲೆ ಅಕ್ಕಿಕಾಳಿನಷ್ಟು ಏನೋ ಕಂಡಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದರು. ಕೆಳಗಿನ ಕೊಂಬೆಗಳು ಮಾತ್ರ ಚಿಗುರಿದವು. ಮೇಲಿನವು ಒಣಗಿದ್ದವು, ಅವನ್ನು ಕತ್ತರಿಸಿದರು. ಮರ ಗಿಡ್ಡವಾಗಿ, ಒಂದು ಕಡೆಗೆ ವಾಲಿದಂತೆ, ನೋಡಲು ಚೆಂದವೇನೂ ಇರಲಿಲ್ಲ. ಚಿಗುರಿದರೆ ಸರಿ ಎಂದು ಸಭೆಯಲ್ಲಿ ಮಾತಾಗಿತ್ತಲ್ಲ, ಹಾಗಾಗಿ ಬಿಟ್ಟರು.

ನಾದಿನಿ ನೋಡಲು ಬಂದ ದಿನ ಗಾಳಿ ತಂಪಾಗಿತ್ತು. ಅವಳು ಆ ಕೋಟು ಹಾಕಿಕೊಂಡೇ ಬಂದಿದ್ದಳು. ಕಿಟಕಿಯ ಹತ್ತಿರ ಹೋಗಿ, ಯಾರೂ ಹೇಳಿಕೊಡದೆ, ಅಂಚಿನ ಮೇಲೆ ಬಲ ಮೊಣಕೈ ಊರಿ ನಿಂತಳು. ಹಿಂದೆ ಯಂತ್ರದ ಮುಂದೆ ಕೂತಿದ್ದ ಮಾವ ಚಕ್ರ ನಿಲ್ಲಿಸಿ ತಲೆಯೆತ್ತಿದರು.

"ಅಕ್ಕ ಇದನ್ನ ಯಾಕೆ ಹೊಲಿಸಲಿಲ್ಲ ಗೊತ್ತಾ ಭಾವ?" ಎಂದು ಅವಳು ತಿರುಗದೆ ಕೇಳಿದಳು.

ಹಠ ಅಷ್ಟೆ ಅಂದರು ಮಾವ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದ್ಸಲ ಕೇಳಿದೆ. 'ಅವರು ಯಂತ್ರದಿಂದ ತಲೆ ಎತ್ತೋದೇ ಇಲ್ಲ ಕಣೇ. ಈ ತೂತು ಇದ್ರೆ ಬೈಯೋಕಾದ್ರೂ ನನ್ನ ಕಡೆ ನೋಡ್ತಾರೆ' ಅಂದ್ಳು. ನಗ್ತಾನೇ ಹೇಳಿದ್ಳು."

ಯಂತ್ರದ ಚಕ್ರದ ಮೇಲಿದ್ದ ಮಾವನ ಕೈ ಅಲ್ಲೇ ಇತ್ತು. ನಾದಿನಿ ಚಹಾ ಮಾಡಿದಳು, ಇಬ್ಬರೂ ಕುಡಿದರು, ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ಕೆಳಗೆ ಅಂಗಳ ದಾಟುವಾಗ ಮರದ ಕಾಂಡವನ್ನು ಒಮ್ಮೆ ತಟ್ಟಿದಳು.

ಅವಳು ಹೋದ ಮೇಲೆ ಮನೆಯೊಳಗೆ ಗಾಳಿ ಬರತೊಡಗಿತು. ಮಾವ ಕಿಟಕಿ ಹಾಕಲು ಎದ್ದರು, ಹಾಕಲಿಲ್ಲ. ಹೆಂಡತಿಯ ಕುರ್ಚಿಯ ಗವಸನ್ನು ಎಳೆದು ತೆಗೆದು, ಕುರ್ಚಿಯನ್ನು ಕಿಟಕಿಗೆ ಎದುರಾಗಿ ತಿರುಗಿಸಿದರು. ತಾವು ಯಂತ್ರದ ಪಕ್ಕದ ಸ್ಟೂಲಿನಲ್ಲೇ, ಹೊಲಿಗೆ ಬದಿಗಿಟ್ಟು, ಆ ಕುರ್ಚಿಯ ಕಡೆಗೇ ನೋಡುತ್ತ ಕೂತರು. ಬೈಯಲು ಏನೂ ಇರಲಿಲ್ಲ. ಆದರೂ ತುಂಬಾ ಹೊತ್ತು ನೋಡಿದರು.